ಅಚ್ಚು ಒತ್ತಿದ ಕ್ಯಾನ್ವಾಸ್ ಚೀಲ ಬಣ್ಣ ಬಿಡ್ತಾವ, ಬಜಾರಕ್ಕ ಎರಡ ವಾರ ಉಳದಾವ

ಕೋಥರೂಡ್_ಅಚ್ಚುಮನಿ:

ನಮಸ್ಕಾರ್ರೀ ಎಲ್ಲಾರಿಗೂ. ಪುಣೆದಾಗ ಕೈಕಸುಬಿನವರ ಎರಡು ದಿನದ ಬಜಾರದಾಗ ಸ್ಟಾಲ್ ಹಿಡದೀವಿ. 40 ಕ್ಯಾನ್ವಾಸ್ ಚೀಲ ತಯಾರ ಅದಾವ, ಅಳತಿ 35 × 40 ಸೆಂ.ಮೀ. ಕೋರಾ ಕ್ಯಾನ್ವಾಸ್ (ಮಗ್ಗದಿಂದ ಬಂದಂಗ ಇರೋ, ಒಗಿಲಾರದ ಬಟ್ಟಿ) ತಂದು, ಚೀಲ ಹೊಲಿದ ಮ್ಯಾಲೆ ಮರದ ಅಚ್ಚು ಒತ್ತೀವಿ. ಬಣ್ಣ ಎರಡ, ಕರೀದು ಮತ್ತ ಕುಂಕುಮ ಕೆಂಪು, ಎರಡೂ ಪಿಗ್ಮೆಂಟ್. ತಯಾರ ಬೈಂಡರ್ ಪೇಸ್ಟಿಗೆ ಕಿಲೋಕ್ಕ 100 ಗ್ರಾಂ ಬಣ್ಣ ಹಾಕೀವಿ, ಬಣ್ಣ ಗಟ್ಟಿ ಹಿಡಿಯಾಕ ಹಾಕೋ ಫಿಕ್ಸರ್ ಅಂದಾಜಿನ ಮ್ಯಾಲೆ. ಒಂದು ದಿನ ನೆರಳಾಗ ಒಣಗಿಸಿ, ಒಂದೊಂದು ಚೀಲಕ್ಕ ಎರಡ-ಮೂರು ನಿಮಿಷ ಇಸ್ತ್ರಿ ಮಾಡೀವಿ.

ಈಗ ಹಸಿ ಕೈಲೆ ತಿಕ್ಕಿದ್ರ ಕರಿ ಬಣ್ಣ ಕೈಗೆ ಹತ್ತತದ. ಕೆಂಪೂ ಸ್ವಲ್ಪ ಹತ್ತತದ. ಬಿಳಿ ಅಂಗಿ ಹಾಕ್ಕೊಂಡವರು ಹೆಗಲಿಗೆ ಹಾಕ್ಕೊಂಡ್ರ ಏನ ಗತಿ? ಈ 40 ಚೀಲ ಉಳಸಾಕ ಬರ್ತದೇನು? ಇನ್ನೊಂದು, ಒಂದಕ್ಕ 350 ರೂಪಾಯಿ ಇಡಬೇಕಂತ ಮಾಡೀವಿ. ಸ್ಟಾಲ್ ಬಾಡಿಗಿ 10,000. ಲೆಕ್ಕ ಸರಿ ಐತೇನ್ರೀ?

ಡೊಂಬಿವಲಿ_ಬಣ್ಣ:

ಉಳಿಸ್ಲಿಕ್ಕೆ ಆಗ್ತದೋ ಇಲ್ವೋ ಅಂತ ಒಂದೇ ಚೀಲದಲ್ಲಿ ಗೊತ್ತಾಗ್ತದೆ, ಅದನ್ನು ಕೊನೆಗೆ ಹೇಳ್ತೇನೆ. ಮೊದಲು ತಪ್ಪು ಎಲ್ಲಿ ಉಂಟು ನೋಡಿ.

ಪಿಗ್ಮೆಂಟ್ ಅಂದ್ರೆ ನೂಲಿನ ಒಳಗೆ ಇಳಿಯುವ ಬಣ್ಣ ಅಲ್ಲ. ನುಣ್ಣಗಿನ ಬಣ್ಣದ ಪುಡಿ ಅದು, ಅದನ್ನು ಬೈಂಡರ್ ಅಂಟಿನ ಹಾಗೆ ಬಟ್ಟೆಯ ಮೇಲೆ ಹಿಡಿದಿಡ್ತದೆ. ಕಿಲೋ ಪೇಸ್ಟಿಗೆ ಬಣ್ಣ 30–40 ಗ್ರಾಂ ಸಾಕು, ಕಪ್ಪಿಗೆ 50–60. ನೀವು 100 ಹಾಕಿದ್ದೀರಿ. ಬೈಂಡರ್ ಅಷ್ಟೇ ಇದ್ದು ಪುಡಿ ಎರಡರಷ್ಟಾದ್ರೆ, ಹಿಡಿಯಲಿಕ್ಕೆ ಯಾರೂ ಇಲ್ಲದ ಪುಡಿ ಮೇಲೆಯೇ ಕೂತಿರ್ತದೆ. ತಿಕ್ಕಿದಾಗ ಕೈಗೆ ಬರುವುದು ಅದು. ಗಾಢ ಬಣ್ಣ ಬೇಕು ಅಂತ ಡಬ್ಬಿ ಬಗ್ಗಿಸಬೇಡಿ, ತೆಳುವಾಗಿ ಎರಡು ಸಲ ಒತ್ತಿ. ಫಿಕ್ಸರ್ ಕಿಲೋಗೆ 10–15 ಗ್ರಾಂ, ಡಬ್ಬಿಯ ಮೇಲೆ ಬೇರೆ ಬರೆದಿದ್ರೆ ಅದೇ ಸರಿ. ಅಂದಾಜು ಬೇಡ, 1 ಗ್ರಾಂ ತೂಗುವ ಅಡುಗೆಮನೆಯ ತಕ್ಕಡಿ ಇಡಿ. ಫಿಕ್ಸರ್ ಹಾಕಿದ ಪೇಸ್ಟನ್ನು ಆ ದಿನವೇ ಮುಗಿಸಿ. ಮರುದಿನ ಗಟ್ಟಿಯಾದದ್ದಕ್ಕೆ ನೀರು ಹಾಕಿ ಸರಿಮಾಡಿದ್ರೆ ಅದು ಹಿಡಿಯುವುದಿಲ್ಲ.

ದೊಡ್ಡ ತಪ್ಪು ಕಾವಿನದ್ದು. ಬೈಂಡರ್ ಗಟ್ಟಿಯಾಗಿ ಕೂತುಕೊಳ್ಳಲಿಕ್ಕೆ ಬಟ್ಟೆಯೇ 150 ಡಿಗ್ರಿಗೆ ಬಂದು 4–5 ನಿಮಿಷ ಅಲ್ಲಿ ನಿಲ್ಲಬೇಕು. ಇಸ್ತ್ರಿಪೆಟ್ಟಿಗೆ 180 ಇದ್ದರೆ ಬಟ್ಟೆಯೂ 180 ಇರ್ತದೆ ಅಂತ ಅಲ್ಲ. ಒಳಗೆ ತೇವ ಇದ್ದಷ್ಟು ಹೊತ್ತು ಬಟ್ಟೆ 100 ದಾಟುವುದೇ ಇಲ್ಲ, ಕಾವೆಲ್ಲ ನೀರನ್ನು ಆವಿ ಮಾಡ್ಲಿಕ್ಕೆ ಹೋಗ್ತದೆ. ಹಾಗಾಗಿ ನೆರಳಲ್ಲಿ ಒಣಗಿಸಿದ ಮೇಲೆ ಒಂದು ಮಧ್ಯಾಹ್ನ ಒಳ್ಳೆ ಬಿಸಿಲು ತೋರಿಸಿ, ಆಮೇಲೆ ಕಾವು ಕೊಡಿ. ಸ್ಟೀಮ್ ಬಂದ್ ಇರಬೇಕು.

ಲೆಕ್ಕ ಹಾಕಿ ಮಾರಾಯ್ರೆ. ನಿಮ್ಮ ಚೀಲದ ಒಂದು ಮುಖ 1,400 ಚದರ ಸೆಂ.ಮೀ. ಇಸ್ತ್ರಿಪೆಟ್ಟಿಗೆಯ ತಳ ಸುಮಾರು 160. ಅಂದ್ರೆ ಒಂಬತ್ತು ಜಾಗ. ಒಂದೊಂದರ ಮೇಲೆ ಕಡಿಮೆ ಅಂದ್ರೂ 3 ನಿಮಿಷ ಒತ್ತಿ ಹಿಡಿದ್ರೆ ಒಂದು ಚೀಲಕ್ಕೆ 27 ನಿಮಿಷ, ನಲವತ್ತಕ್ಕೆ 18 ಗಂಟೆ. ನೀವು ಕೊಟ್ಟದ್ದು ಒಟ್ಟು ಎರಡು-ಮೂರು ನಿಮಿಷ, ಅದೂ ಪೆಟ್ಟಿಗೆ ಓಡಾಡಿಸ್ತಾ. ಟೀ-ಶರ್ಟ್ ಪ್ರಿಂಟ್ ಮಾಡುವವರ ಹತ್ತಿರ ಹೀಟ್ ಪ್ರೆಸ್, ಅಂದ್ರೆ ಕಾದ ತಟ್ಟೆಯಿಂದ ಒತ್ತುವ ಯಂತ್ರ ಇರ್ತದೆ, ತಟ್ಟೆ ಸಾಮಾನ್ಯವಾಗಿ 38 × 38 ಸೆಂ.ಮೀ. ಗಂಟೆ ಲೆಕ್ಕದಲ್ಲಿ ಬಾಡಿಗೆ ಮಾತಾಡಿ. 160 ಡಿಗ್ರಿ, 3 ನಿಮಿಷ, ಮೇಲೆ ತೆಳು ಹತ್ತಿ ಬಟ್ಟೆ. ನಲವತ್ತು ಚೀಲ ಎರಡೂವರೆ ಗಂಟೆಯಲ್ಲಿ ಮುಗೀತದೆ. 170ರ ಮೇಲೆ ಹೋದ್ರೆ ಕೋರಾ ಬಟ್ಟೆ ಹಳದಿ ಆಗ್ತದೆ. ಚೀಲದ ಹಿಡಿ ಪ್ಲಾಸ್ಟಿಕ್ ಪಟ್ಟಿಯದ್ದಾದ್ರೆ ಅದನ್ನು ತಟ್ಟೆಯಿಂದ ಹೊರಗೆ ಇಡಿ, ಪಾಲಿಪ್ರೊಪಿಲೀನ್ 160ರ ಹತ್ತಿರವೇ ಕರಗ್ತದೆ.

ಈಗ ಒಂದು ಚೀಲ ತೆಗೆದು ಹೀಗೆ ಕಾವು ಕೊಡಿ. 24 ಗಂಟೆ ಬಿಟ್ಟು ಬಿಳಿ ಹತ್ತಿ ಬಟ್ಟೆಯಿಂದ ಒಣಗಿದ್ದಾಗ ಹತ್ತು ಸಲ, ಒದ್ದೆ ಮಾಡಿ ಹತ್ತು ಸಲ ತಿಕ್ಕಿ. ಒಣಗಿದ್ದಕ್ಕೆ ಏನೂ ಹತ್ತಬಾರದು. ಒದ್ದೆಗೆ ಕಪ್ಪು ತುಸು ಹತ್ತುವುದು ಪಿಗ್ಮೆಂಟಿನ ಗುಣವೇ, ಬೂದು ನೆರಳಿನಷ್ಟಾದ್ರೆ ಪರವಾಗಿಲ್ಲ.

ಕಸಬಾ_ಪೇಟ್_ಕುಂಚ:

ಮೇಲಿನ ಮಾತು ಸರಿ, ಆದರೆ ಅರ್ಧ ಮಾತ್ರ. ಬಣ್ಣದವರು ಬಣ್ಣದಿಂದ ಶುರು ಮಾಡುತ್ತಾರೆ. ಇಲ್ಲಿ ಶುರು ಮಾಡಬೇಕಾದದ್ದು ಬಟ್ಟೆಯಿಂದ.

ಮಗ್ಗದ ಮೇಲೆ ಹಾಸು ನೂಲು ತುಂಡಾಗದಿರಲಿ ಎಂದು ಗಂಜಿ ಹಾಕಿರುತ್ತಾರೆ. ಕೋರಾ ಕ್ಯಾನ್ವಾಸ್‌ನಲ್ಲಿ ಅದು ಹಾಗೇ ಇರುತ್ತದೆ, ಜೊತೆಗೆ ಹತ್ತಿಯ ಸಹಜ ಮೇಣ. ಬೈಂಡರ್ ಹಿಡಿದದ್ದು ನೂಲನ್ನಲ್ಲ, ಗಂಜಿಯನ್ನು. ಎಷ್ಟು ಕಾವು ಕೊಟ್ಟರೂ ಮೊದಲ ಒಗೆತದಲ್ಲಿ ಗಂಜಿ ಹೋಗುತ್ತದೆ, ಅದರ ಜೊತೆಗೆ ಬಣ್ಣವೂ ಹೋಗುತ್ತದೆ. ಅಕ್ಕ, ಅಚ್ಚಿಲ್ಲದ ಮೂಲೆಯಲ್ಲಿ ಒಂದು ಹನಿ ನೀರು ಬಿಟ್ಟು ನೋಡಿ. 3–5 ಸೆಕೆಂಡಿನಲ್ಲಿ ಹೀರಿಕೊಂಡರೆ ಬಟ್ಟೆ ಶುದ್ಧ. ಮುತ್ತಿನ ಹಾಗೆ ನಿಂತರೆ ಗಂಜಿಯೋ ಮೇಣವೋ ಇದೆ. ಗಂಜಿಯೇ ಹೌದೋ ಎಂದು ತಿಳಿಯಲು ಗಾಯಕ್ಕೆ ಹಚ್ಚುವ ಅಯೋಡಿನ್ ಒಂದು ಹನಿ ಸಾಕು, ಕಡುನೀಲಿಗೆ ತಿರುಗುತ್ತದೆ.

ಹಾಗಾಗಿ ಡೊಂಬಿವಲಿಯವರು ಹೇಳಿದ ಪರೀಕ್ಷೆಗೆ ಒಂದು ಹೆಜ್ಜೆ ಸೇರಿಸಿ. ತಿಕ್ಕಿ ನೋಡಿದ ಅದೇ ಚೀಲವನ್ನು ಸೋಪಿನ ಬೆಚ್ಚನೆ ನೀರಲ್ಲಿ, 40 ಡಿಗ್ರಿ, ಅರ್ಧ ಗಂಟೆ ನೆನೆಸಿ ಕೈಯಿಂದ ಒಗೆಯಿರಿ. ಒಣಗಿದ ಮೇಲೆ ಅಚ್ಚಿನ ಅಂಚು ಪೊರೆಯ ಹಾಗೆ ಎದ್ದಿದ್ದರೆ ಉಳಿದ 39 ಚೀಲಕ್ಕೆ ಯಾವ ಉಪಾಯವೂ ಇಲ್ಲ. ಅವನ್ನು ಮಾರಬೇಡಿ. ಅಂಚು ಗಟ್ಟಿಯಾಗಿದ್ದರೆ ಎಲ್ಲವನ್ನೂ ಪ್ರೆಸ್ಸಿಗೆ ಹಾಕಿ.

ಮುಂದಿನ ಕಂತಿಗೆ ಹೀಗೆ ಮಾಡಿ. ಬಟ್ಟೆಯನ್ನು ಕತ್ತರಿಸುವ ಮೊದಲೇ ರಾತ್ರಿಯಿಡೀ ನೀರಲ್ಲಿ ನೆನೆಹಾಕಿ. ನೀರು ಹುಳಿ ವಾಸನೆ ಬಂದರೆ ಹೆದರಬೇಡಿ, ಗಂಜಿ ಬಿಡುವ ಲಕ್ಷಣ ಅದು. ಬೆಳಿಗ್ಗೆ ಆ ನೀರು ಚೆಲ್ಲಿ, ಕಿಲೋ ಬಟ್ಟೆಗೆ 20 ಲೀಟರ್ ನೀರು, 40 ಗ್ರಾಂ ವಾಷಿಂಗ್ ಸೋಡಾ, ಸ್ವಲ್ಪ ಸೋಪು ಹಾಕಿ ಒಂದು ಗಂಟೆ ಕುದಿಸಿ. ಅಡುಗೆ ಸೋಡಾ ಅಲ್ಲ, ಅದು ಬೇರೆ. ನೀರು ಚಹಾ ಬಣ್ಣಕ್ಕೆ ಬರುತ್ತದೆ. ಎರಡು-ಮೂರು ನೀರಲ್ಲಿ ಜಾಲಿಸಿ, ಮತ್ತೆ ಹನಿ ಪರೀಕ್ಷೆ ಮಾಡಿ. ಗಂಜಿ ಹಟ ಹಿಡಿದರೆ ಅಮೈಲೇಸ್ ಕಿಣ್ವದ ಪುಡಿ ಸಿಗುತ್ತದೆ, ಸೋಡಾಕ್ಕಿಂತ ಮೊದಲು ಅದನ್ನು ಬಳಸಬೇಕು. ಕೊನೆಯ ನೀರಿಗೆ ಬಟ್ಟೆ ಮೆತ್ತಗಾಗಿಸುವ ಕಂಡಿಷನರ್ ಹಾಕಲೇಬೇಡಿ, ಬಣ್ಣ ಹಿಡಿಯುವುದಿಲ್ಲ. ಕ್ಯಾನ್ವಾಸ್ ಮೀಟರಿಗೆ 5 ಸೆಂ.ಮೀ. ಅಥವಾ ಹೆಚ್ಚು ಕುಗ್ಗುವುದು ಸಾಮಾನ್ಯ, ಕತ್ತರಿಸುವ ಮೊದಲೇ ಒಗೆಯಬೇಕೆನ್ನುವುದಕ್ಕೆ ಅದೂ ಒಂದು ಕಾರಣ.

ಇನ್ನು, ಹೊಲಿದ ಚೀಲದ ಮೇಲೆ ಅಚ್ಚು ಒತ್ತಬೇಡಿ. ಹೊಲಿಗೆಯ ದಪ್ಪದ ಪಕ್ಕ ಅಚ್ಚು ತಾಗುವುದಿಲ್ಲ, ಪ್ರೆಸ್ಸಿನ ತಟ್ಟೆಯೂ ತಾಗುವುದಿಲ್ಲ. ಅಲ್ಲೇ ಬಣ್ಣ ಹಸಿ ಉಳಿಯುತ್ತದೆ. ಬಟ್ಟೆ, ಅಚ್ಚು, ಕಾವು, ಆಮೇಲೆ ಹೊಲಿಗೆ. ಮೇಜಿನ ಮೇಲೆ ಗೋಣಿ, ಅದರ ಮೇಲೆ ಕಂಬಳಿ, ಅದರ ಮೇಲೆ ಹತ್ತಿ ಬಟ್ಟೆ ಬಿಗಿಯಾಗಿ ಹಾಸಿದರೆ ಅಚ್ಚಿನ ನಡುಭಾಗ ಖಾಲಿ ಉಳಿಯುವುದಿಲ್ಲ.

ನಮ್ಮ ಪೇಟೆಯ ತಾಂಬಟ್ ಆಳಿಯಲ್ಲಿ (ತಾಮ್ರ ಬಡಿಯುವವರ ಓಣಿ) ತಾಮ್ರದ ಹಂಡೆಗಳ ಮೇಲೆ ಸುತ್ತಿಗೆಯ ಏಟು ಒಂದೊಂದಾಗಿ ಕಾಣುತ್ತದೆ. ಅದು ಕೈಯ ಗುರುತು, ಹಂಡೆ ಸೋರುವುದಿಲ್ಲ. ಅಚ್ಚಿನ ಜೋಡಣೆ ಕೂದಲೆಳೆಯಷ್ಟು ಸರಿದಿದ್ದರೆ ಅದೂ ಕೈಯ ಗುರುತೇ. ಬಣ್ಣ ಬಿಡುವುದು ಮಾತ್ರ ಆ ಲೆಕ್ಕಕ್ಕೆ ಬರುವುದಿಲ್ಲ. "ಕೈಕೆಲಸ ಅಂದ್ರೆ ಹಾಗೇನೇ" ಎಂದು ಗಿರಾಕಿಗೆ ಹೇಳುವ ರೂಢಿ ನಮ್ಮ ಬಜಾರುಗಳಲ್ಲಿ ಹೆಚ್ಚಾಗುತ್ತಿದೆ, ದಯವಿಟ್ಟು ಅದನ್ನು ಬೆಳೆಸಬೇಡಿ.

ಕೋಥರೂಡ್_ಅಚ್ಚುಮನಿ:

ಹನಿ ಪರೀಕ್ಷಾ ಮಾಡಿದ್ವಿ. ನೀರು 20 ಸೆಕೆಂಡ್ ಮ್ಯಾಲೇನ ನಿಂತಿತ್ತು. ಅಯೋಡಿನ್ ಹಾಕಿದ್ರ ನೀಲಿ ಆತು, ಆದ್ರ ತೆಳು ನೀಲಿ, ಕಡು ಅಲ್ಲ. ಹೀಟ್ ಪ್ರೆಸ್ ಸಿಕ್ಕದ, ನಾಳೆ ಒಂದು ಚೀಲ ಹಾಕಿ ನೋಡ್ತೀವಿ. ಹೊಸಾ ಬಟ್ಟಿಗೆ ಅಚ್ಚು ಒತ್ತುವಾಗ ಇನ್ನೊಂದು ತೊಂದರೆ ಐತ್ರೀ. ಹತ್ತು-ಹನ್ನೆರಡು ಸಲ ಒತ್ತಿದ ಮ್ಯಾಲೆ ಅಚ್ಚಿನ ಸಣ್ಣ ಗೆರಿ ತುಂಬಿಕೊಂಡು ಹೂವಿನ ಎಸಳು ಮುದ್ದಿ ಆಗ್ತಾವ. ಯಾಕ?

ಡೊಂಬಿವಲಿ_ಬಣ್ಣ:

ತೆಳು ನೀಲಿ ಅಂದ್ರೆ ಗಂಜಿ ಸ್ವಲ್ಪ, ಮೇಣ ಜಾಸ್ತಿ ಇರಬಹುದು. ಒಗೆದು ನೋಡದೆ ಹೇಳ್ಲಿಕ್ಕೆ ಆಗುವುದಿಲ್ಲ.

ಗೆರೆ ತುಂಬುವುದು ಪುಣೆಯ ಒಣ ಹವೆಯಿಂದ. ಡಿಸೆಂಬರಿನಲ್ಲಿ ಪೇಸ್ಟ್ ಅಚ್ಚಿನ ಮೇಲೆಯೇ ಒಣಗ್ತದೆ. ಕಿಲೋಗೆ 10–20 ಗ್ರಾಂ ಯೂರಿಯಾ ಕರಗಿಸಿ ಹಾಕಿ, ಅದು ತೇವ ಹಿಡಿದಿಡ್ತದೆ. ಮುಂಬೈಯಲ್ಲಿ ನಮಗೆ ಅದು ಬೇಡ, ಇಲ್ಲಿ ಒಣಗುವುದೇ ಕಷ್ಟ. ಬಣ್ಣದ ತಟ್ಟೆಯಲ್ಲಿ ಪೇಸ್ಟಿಗೆ ನೇರ ಅಚ್ಚು ಅದ್ದುತ್ತೀರಾದ್ರೆ ಅದನ್ನೂ ಬಿಡಿ: ಕೆಳಗೆ ಬಿದಿರಿನ ಜಾಲರಿ, ಮೇಲೆ ಉಣ್ಣೆ ಬಟ್ಟೆ, ಅದರ ಮೇಲೆ ತೆಳು ಮಲ್ಮಲ್. ಮಲ್ಮಲ್‌ಗೆ ಬಂದಷ್ಟೇ ಬಣ್ಣ ಅಚ್ಚಿಗೆ. ಹದಿನೈದು ಸಲ ಒತ್ತಿದ ಮೇಲೆ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ನೀರು ಹಾಕಿ ಉಜ್ಜಿ, ಒರೆಸಿ. ಅಚ್ಚನ್ನು ಬಕೆಟಿನಲ್ಲಿ ಮುಳುಗಿಸಿ ಇಡಬೇಡಿ, ಮರ ಉಬ್ಬಿ ಸೀಳ್ತದೆ. ಹೊಸ ಅಚ್ಚಾದ್ರೆ ಮೊದಲು ಎಣ್ಣೆಯಲ್ಲಿ ಕೆಲವು ದಿನ ನೆನೆಸಬೇಕು. ಗುಜರಾತಿನ ಪೇಥಾಪುರದಲ್ಲಿ ಕೆತ್ತಿದ ಅಚ್ಚುಗಳಲ್ಲಿ ಬೆನ್ನಿಗೆ ತೂತು ಇರ್ತದೆ ನೋಡಿ, ಗಾಳಿ ಹೊರಗೆ ಹೋಗ್ಲಿಕ್ಕೆ. ಅದು ಬಣ್ಣದಿಂದ ಕಟ್ಟಿದ್ರೂ ನಡುವೆ ಮುದ್ದೆ ಬೀಳ್ತದೆ.

ಮಾಟುಂಗಾ_ಲೆಕ್ಕ:

ಬಣ್ಣದ ವಿಷಯ ಮೇಲಿನವರಿಗೆ ಬಿಟ್ಟೆ. ಬೆಲೆಯ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ, ಅದು ಬಣ್ಣದಷ್ಟೇ ತೂಕದ್ದು.

ಉದಾಹರಣೆಗೆ ಹಿಡಿಯಿರಿ: ಒಂದು ಚೀಲದ ಬಟ್ಟೆ 70, ಹೊಲಿಗೆ 45, ಬಣ್ಣ ಮತ್ತು ಅಚ್ಚಿನ ಸವಕಳಿ 12, ಪ್ರೆಸ್ 10, ಚೀಟಿ ಮತ್ತು ಕಾಗದದ ಕವರು 13. ಒಟ್ಟು 150. ಇದಕ್ಕೆ ನಿಮ್ಮ ಕೈಯ ಕೂಲಿ ಸೇರಿಸಲೇಬೇಕು. ತೊಳೆತ, ಅಚ್ಚು, ಕಾವು ಸೇರಿ 25 ನಿಮಿಷ ಎಂದರೆ ಗಂಟೆಗೆ 120ರಂತೆ 50. ಅಲ್ಲಿಗೆ 200. 350ಕ್ಕೆ ಮಾರಿದರೆ ಚೀಲಕ್ಕೆ ಉಳಿಯುವುದು 150. ಸ್ಟಾಲ್ ಬಾಡಿಗೆ 10,000, ಟೆಂಪೊ ಮತ್ತು ಎರಡು ದಿನದ ಊಟ-ಓಡಾಟ 2,500 ಎಂದುಕೊಳ್ಳಿ. 12,500ನ್ನು 150ರಿಂದ ಭಾಗಿಸಿದರೆ 84 ಚೀಲ ಮಾರಿದ ಮೇಲೆ ಖರ್ಚು ಸರಿದೂಗುತ್ತದೆ. ನಿಮ್ಮಲ್ಲಿರುವುದು 40. ಅಷ್ಟೂ ಮಾರಿದರೂ 6,500 ಕೈಬಿಟ್ಟು ಹೋಗುತ್ತದೆ. 450 ಇಟ್ಟರೂ 50 ಚೀಲ ಬೇಕು.

ಹಾಗಾಗಿ ಎರಡರಲ್ಲಿ ಒಂದು. ಸ್ಟಾಲನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳಿ, ಆದರೆ ಮೊದಲು ಆಯೋಜಕರನ್ನು ಕೇಳಿ, ಕೆಲವರು ಒಪ್ಪುವುದಿಲ್ಲ. ಇಲ್ಲವೇ ಅದೇ ಅಚ್ಚಿನಲ್ಲಿ ಸಣ್ಣ ವಸ್ತು ಮಾಡಿ. ಚೀಲ ಕತ್ತರಿಸಿ ಉಳಿದ ತುಂಡಿನಲ್ಲಿ ಜಿಪ್ ಪೌಚು, ಪುಸ್ತಕದ ಹೊದಿಕೆ. ಇಂಥ ಬಜಾರಿನಲ್ಲಿ 150–200ರ ವಸ್ತುವನ್ನು ಜನ ಯೋಚಿಸದೆ ಕೊಳ್ಳುತ್ತಾರೆ, 450ರದ್ದಕ್ಕೆ ಒಂದು ಸುತ್ತು ಹಾಕಿ ಬರುತ್ತಾರೆ. ಚೌಕಾಸಿಗೆಂದು ಬೆಲೆ ಏರಿಸಿ ಬರೆಯಬೇಡಿ. ಒಬ್ಬರಿಗೆ 50 ಇಳಿಸಿದ್ದನ್ನು ಪಕ್ಕದವರು ಕೇಳಿಸಿಕೊಂಡೇ ಇರುತ್ತಾರೆ. ಬೆಲೆಯ ಚೀಟಿ ಪ್ರತಿ ಚೀಲಕ್ಕೂ ಇರಲಿ, ಎಷ್ಟೋ ಜನ ಬಾಯಿಬಿಟ್ಟು ಕೇಳದೆ ಮುಂದೆ ಹೋಗುತ್ತಾರೆ.

ಚೀಟಿಯಲ್ಲಿ ಇಷ್ಟು ಬರೆಯಿರಿ: ಹತ್ತಿ ಕ್ಯಾನ್ವಾಸ್, ಕೈ ಅಚ್ಚು, ಪಿಗ್ಮೆಂಟ್ ಬಣ್ಣ, ತಣ್ಣೀರಲ್ಲಿ ಒಳಮಗ್ಗುಲು ತಿರುವಿ ಒಗೆಯಿರಿ. "ನೈಸರ್ಗಿಕ ಬಣ್ಣ" ಎಂದು ಬರೆಯಬೇಡಿ. ಅಳಲೆಕಾಯಿ, ಪಟಿಕ, ಕಬ್ಬಿಣ-ಬೆಲ್ಲದ ಕಪ್ಪು ಬಳಸುವವರು ಅದಕ್ಕಾಗಿ ವಾರಗಟ್ಟಲೆ ದುಡಿಯುತ್ತಾರೆ, ಅವರ ಬೆಲೆಗೂ ಮರ್ಯಾದೆಗೂ ಅದು ಪೆಟ್ಟು. ಚೀಟಿ, ಕವರು, ದಾರಕ್ಕೆ ಪುಣೆಯಲ್ಲಿ ಬೋಹರಿ ಆಳಿ, ಮುಂಬೈಗೆ ಬಂದರೆ ಅಬ್ದುಲ್ ರೆಹಮಾನ್ ಸ್ಟ್ರೀಟ್.

ಮಡಗಾಂವ್_ದೀಪ:

ಎರಡೇ ಮಾತು ಸೇರಿಸ್ತೇನೆ.

ಬಜಾರ್ ಸಂಜೆ ನಡೆಯುವುದಾದರೆ ಬೆಳಕು ನೋಡಿಕೊಳ್ಳಿ. ಆಯೋಜಕರು ಕೊಡುವ ಹಳದಿ ಬಲ್ಬಿನಡಿ ಕುಂಕುಮ ಕೆಂಪು ಇಟ್ಟಿಗೆ ಬಣ್ಣದ ಹಾಗೆ ಕಾಣ್ತದೆ, ನೀಲಿ ಕಪ್ಪಾಗ್ತದೆ. ಗಿರಾಕಿ ಮನೆಗೆ ಹೋಗಿ ಬೇರೆ ಬಣ್ಣ ನೋಡ್ತಾರೆ. 4000 ಕೆಲ್ವಿನ್ (ತೀರಾ ಹಳದಿಯಲ್ಲದ ಬಿಳಿ ಬೆಳಕು), ಸಿಆರ್‌ಐ 90 (ಬಣ್ಣ ಇದ್ದ ಹಾಗೆ ತೋರಿಸುವ ಅಳತೆ) ಎಂದು ಡಬ್ಬಿಯ ಮೇಲೆ ಬರೆದಿರುವ ಎರಡು ಎಲ್‌ಇಡಿ, 10 ಮೀಟರ್ ಎಕ್ಸ್‌ಟೆನ್ಶನ್ ವೈರು ನೀವೇ ಒಯ್ಯಿರಿ. ಗೋವಾದ ಅರ್ಪೋರಾದ ಶನಿವಾರದ ರಾತ್ರಿ ಬಜಾರಕ್ಕೆ ಬರುವವರಿಗಂತೂ ಇದು ಬೇಕೇ ಬೇಕು. ಬಯಲಿನ ಬಜಾರಾದರೆ ಕೋರಾ ಚೀಲದ ಮೇಲೆ ಕೆಂಪು ಧೂಳು ಕೂರ್ತದೆ. ಎರಡು ಚೀಲ ತೂಗುಹಾಕಿ, ಉಳಿದದ್ದು ಮುಚ್ಚಿಡಿ.

ಎರಡನೆಯದು, ಮುಂದೆ ಗೋವಾಕ್ಕೆ ಮಾಲು ತರುವುದಾದರೆ: ಕರಕುಶಲ ವಸ್ತುಗಳ ಪಟ್ಟಿಯಲ್ಲಿ ಬರುವ ಮಾಲನ್ನು ಮಾರುವವರಿಗೆ, ವರ್ಷದ ಒಟ್ಟು ವಹಿವಾಟು 20 ಲಕ್ಷದೊಳಗಿದ್ದರೆ, ಬೇರೆ ರಾಜ್ಯಕ್ಕೆ ಹೋಗಿ ಮಾರಲು ಜಿಎಸ್‌ಟಿ ನೋಂದಣಿಯಿಂದ ವಿನಾಯಿತಿ ಉಂಟು. ಆದರೆ ಪ್ಯಾನ್ ಬೇಕು, ಇ-ವೇ ಬಿಲ್ (ಮಾಲು ಸಾಗಿಸಲು ಆನ್‌ಲೈನಿನಲ್ಲಿ ಮಾಡುವ ಚೀಟಿ) ಬೇಕು. ಸಾಮಾನ್ಯ ಮಾಲಿಗೆ ಇರುವ 50,000ದ ಮಿತಿ ಇದಕ್ಕಿಲ್ಲ, 5,000ದ ಮಾಲಾದರೂ ರಾಜ್ಯ ದಾಟುವಾಗ ಬಿಲ್ ಮಾಡಲೇಬೇಕು. ನಿಮ್ಮ ಚೀಲ ಆ ಪಟ್ಟಿಯ ಯಾವ ಸಾಲಿಗೆ ಬರ್ತದೆ ಅಂತ ಲೆಕ್ಕಪತ್ರ ನೋಡುವವರಿಂದ ಮೊದಲೇ ತಿಳಿದುಕೊಳ್ಳಿ.

ಕೋಥರೂಡ್_ಅಚ್ಚುಮನಿ:

ಪ್ರೆಸ್ಸಿಗೆ ಹಾಕಿದ ಚೀಲ ಒಗದು ಒಣಗಿಸೀವ್ರೀ. ಒಣ ಬಟ್ಟಿಲೆ ತಿಕ್ಕಿದ್ರ ಏನೂ ಹತ್ತಂಗಿಲ್ಲ. ಒದ್ದಿಗೆ ಕೆಂಪು ಹತ್ತಂಗಿಲ್ಲ, ಕರಿ ಹತ್ತತದ, ನೆರಳಿಗಿಂತ ಜಾಸ್ತಿನ. ಕೆಂಪಿಂದು ಅಂಚು ಗಟ್ಟಿ ಅದ, ಕರೀದು ಒಂದ ಕಡೆ ಎದ್ದದ. ಕೆಂಪಷ್ಟ ಇರೋ ಚೀಲ 17 ಅದಾವ. ಅವನ್ನಷ್ಟ ಮಾರಬೌದಾ?

ಕಸಬಾ_ಪೇಟ್_ಕುಂಚ:

ಆ 17ರಲ್ಲಿ ಇನ್ನೂ ಎರಡನ್ನು ಬೇರೆ ಬೇರೆ ಥಾನಿನ ಬಟ್ಟೆಯಿಂದ ಆರಿಸಿ, ಪ್ರೆಸ್ ಮಾಡಿ, ಒಗೆದು ನೋಡಿ. ಒಂದು ಥಾನಿಗೂ ಇನ್ನೊಂದಕ್ಕೂ ಗಂಜಿ ಬೇರೆ ಇರುತ್ತದೆ. ಎರಡೂ ಗಟ್ಟಿ ನಿಂತರೆ ಉಳಿದ 15 ಮಾರಿ. ಒಗೆದವನ್ನು ಸ್ಟಾಲಿನಲ್ಲಿ ಮಾದರಿಗೆ ತೂಗುಹಾಕಿ, ಒಗೆದ ಮೇಲೆ ಹೀಗಿರುತ್ತದೆ ಎಂದು ಗಿರಾಕಿ ಮುಟ್ಟಿ ನೋಡಲಿ. ಕಪ್ಪಿನ 23ನ್ನು ಮನೆಯ ತರಕಾರಿಗೆ ಇಟ್ಟುಕೊಳ್ಳಿ. ಬಜಾರಿಗೆ ಉಳಿದ ದಿನಗಳಲ್ಲಿ 5 ಕಿಲೋ ಬಟ್ಟೆ ಕುದಿಸಿ, ಅಚ್ಚು ಒತ್ತಿ, ಹೊಲಿಸಲು ಸಮಯ ಇದೆ. ಆದರೆ ಸೋಡಾ ನೀರಿನ ಪಾತ್ರೆ ಅಲ್ಯೂಮಿನಿಯಂ ಆಗಿರಬಾರದು, ಸೋಡಾ ಅದನ್ನು ತಿನ್ನುತ್ತದೆ. ಸ್ಟೀಲಿನದ್ದೇ ತೆಗೆದುಕೊಳ್ಳಿ.