ಟಿಲ್ಲರ್ ಎಕ್ಸ್‌ಟೆನ್ಷನ್ ಸೀಳಿದೆ: ಅಂಟಿಸಲೇ, ಹೊಸದು ಹಾಕಲೇ?

ಕೇಳಿದವರು:
ನನ್ನದು ಒಬ್ಬರೇ ನಡೆಸುವ ಐಎಲ್‌ಸಿಎ ಹಾಯಿದೋಣಿ, ಹಳೆಯ ಹೆಸರು ಲೇಸರ್, ಉದ್ದ 4.23 ಮೀಟರ್. ಕಳೆದ ವಾರ ಟ್ಯಾಕ್ ಮಾಡುವಾಗ, ಅಂದರೆ ದೋಣಿಯ ಮೂತಿಯನ್ನು ಗಾಳಿಗೆ ಎದುರಾಗಿ ಹಾಯಿಸಿ ಇನ್ನೊಂದು ಬದಿಗೆ ತಿರುಗಿಸುವಾಗ, ಕಾಲು ಜಾರಿ ಟಿಲ್ಲರ್ ಎಕ್ಸ್‌ಟೆನ್ಷನ್ ಮೇಲೆಯೇ ಕುಳಿತುಬಿಟ್ಟೆ. ಚುಕ್ಕಾಣಿಯ ಹಿಡಿಯಾದ ಟಿಲ್ಲರಿಗೆ ರಬ್ಬರ್ ಕೀಲಿನಿಂದ ಜೋಡಿಸಿರುವ ಉದ್ದನೆಯ ಕೋಲು ಅದು. ಅಲ್ಯೂಮಿನಿಯಂ ಕೊಳವೆ ಕೀಲಿನಿಂದ ಒಂದು ಗೇಣು ದೂರದಲ್ಲಿ ಬಾಗಿತು. ನೇರ ಮಾಡಲು ಹೋದೆ, ಸೀಳಿತು. ಒಳಗೆ ಮರದ ಗೂಟ ಹಾಕಿ ಅಂಟಿಸಿದರೆ ಬಾಳುತ್ತದೆಯೇ? ಅಥವಾ ಕಾರ್ಬನ್ ಕೊಳವೆ ಕೊಳ್ಳುವುದೇ ಒಳ್ಳೆಯದೇ? ಮಾಡಿ ನೋಡಿದವರು ತಿಳಿಸಿ.

ಮೊದಲು ಉತ್ತರಿಸಿದವರು:
ಬಾಳುತ್ತದೆ. ನಾನು ಅಂಟಿಸಿದ್ದು ಎರಡು ಹಂಗಾಮು ನಡೆಯಿತು, ಆಮೇಲೆ ಮುರಿದದ್ದು ಬೇರೆ ಜಾಗದಲ್ಲಿ. ಸೀಳಿದ ಭಾಗವನ್ನು ಲೋಹದ ಗರಗಸದಿಂದ ನೇರವಾಗಿ ಕತ್ತರಿಸಿ ತೆಗೆಯಿರಿ. ಒಂದೆರಡು ಸೆಂಟಿಮೀಟರ್ ಹೋದರೆ ಹೋಗಲಿ. ಗೂಟಕ್ಕೆ ಗಟ್ಟಿ ಮರ ಬೇಕು. ಕೊಳವೆಯ ವ್ಯಾಸದ ಆರು ಪಟ್ಟಾದರೂ ಪ್ರತಿ ಬದಿಗೆ ಒಳಹೋಗಬೇಕು, ಅಂದರೆ 20 ಮಿಲಿಮೀಟರ್ ಕೊಳವೆಯಾದರೆ ಎರಡೂ ಕಡೆ 12 ಸೆಂಟಿಮೀಟರ್. ಗೂಟದ ಎರಡೂ ತುದಿಗಳನ್ನು ಪೆನ್ಸಿಲ್ ಹೆರೆದಂತೆ ಸಣ್ಣಗಾಗಿಸಿ. ಮೊದಲ ಸಲ ನಾನು ಹಾಗೆ ಮಾಡಿರಲಿಲ್ಲ. ಗೂಟ ಎಲ್ಲಿ ಮುಗಿದಿತ್ತೋ ಸರಿಯಾಗಿ ಅಲ್ಲಿಯೇ ಕೊಳವೆ ಮತ್ತೆ ಮಡಚಿಕೊಂಡಿತು.

ಗೂಟದ ಉದ್ದಕ್ಕೂ ಒಂದು ಸಣ್ಣ ಗೀರು ಕೊರೆಯುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಒಳಗೆ ಸಿಕ್ಕಿಕೊಂಡ ಗಾಳಿ ಗೂಟವನ್ನು ಹಿಂದಕ್ಕೆ ತಳ್ಳುತ್ತದೆ, ಎಪಾಕ್ಸಿ ಅಂಟೆಲ್ಲ ನಿಮ್ಮ ಮುಂಗೈ ಮೇಲೆ. ಕೊಳವೆಯ ಒಳಗೋಡೆಯನ್ನು ಕಡ್ಡಿಗೆ ಸುತ್ತಿದ ಉಪ್ಪು ಕಾಗದದಿಂದ ಉಜ್ಜಿ, ತಡಮಾಡದೆ ಅಂಟು ಹಚ್ಚಿ. ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಪೊರೆ ಕೂಡಲೇ ಕಟ್ಟತೊಡಗುತ್ತದೆ. ಉಜ್ಜಿಟ್ಟು ಊಟಕ್ಕೆ ಹೋಗಿ ಬಂದರೆ ಮತ್ತೆ ಉಜ್ಜಬೇಕು. ಒಣಗುವವರೆಗೆ ಕೋಲು ನೇರವಾಗಿರಲು ಕಬ್ಬಿಣದ ಆಂಗಲ್ ಪಟ್ಟಿಯ ಮಡಿಲಲ್ಲಿ ಮಲಗಿಸಿ ಟೇಪ್ ಸುತ್ತಿಡಿ. ಮರುದಿನ ಗಟ್ಟಿಯಾದಂತೆ ಕಾಣುತ್ತದೆ, ನಂಬಬೇಡಿ. ವಾರ ಬಿಟ್ಟು ನೀರಿಗಿಳಿಯಿರಿ. ಭದ್ರವಾಗಲಿ ಎಂದು ಅಡ್ಡ ರಿವೆಟ್ ಹೊಡೆಯುವ ಚಪಲ ಬರುತ್ತದೆ. ಬೇಡ. ತೂತು ಹಾಕಿದಲ್ಲೇ ಮುಂದಿನ ಸೀಳು.

ಇನ್ನೊಬ್ಬರು:
ಕೋಲಿನ ಮಾತು ಸರಿ, ಆದರೆ ಕೀಲನ್ನು ನೋಡಿದಿರಾ? ಆ ರಬ್ಬರ್ ಕೀಲನ್ನು ಪೂರ್ತಿ ಮಡಚಿ ನಡುವಿನ ಸಣ್ಣ ಭಾಗವನ್ನು ಬೆಳಕಿಗೆ ಹಿಡಿಯಿರಿ. ಕೂದಲೆಳೆಯಂಥ ಬಿರುಕುಗಳು ಕಂಡರೆ ಅದರ ಆಯುಸ್ಸು ಮುಗಿಯಿತೆಂದೇ ಲೆಕ್ಕ. ಬಿಸಿಲು ರಬ್ಬರನ್ನು ತಿನ್ನುತ್ತದೆ.

ನನಗೆ ಇದು ಗೊತ್ತಾದದ್ದು ಬೆನ್ನಡಿಯಾಗಿ ನೀರಿಗೆ ಬಿದ್ದಾಗ. ಗಾಳಿ ಜೋರಿತ್ತು, ಅಂಚಿನಿಂದ ಹೊರಗೆ ಬಾಗಿ ಕುಳಿತು ಕೋಲನ್ನು ಎಳೆದೆ. ಟಪ್ ಎಂದಿತು, ಸಿಕ್ಕಿಸಿಟ್ಟಿದ್ದ ಪಟ್ಟಿಯಿಂದ ಕಾಲು ಜಾರಿತು. ತಲೆ ಮೇಲೆತ್ತಿ ನೋಡಿದರೆ ಕೈಯಲ್ಲಿ ಕೋಲು ಹಾಗೆಯೇ ಇದೆ, ತುದಿಯಲ್ಲಿ ಅರ್ಧ ರಬ್ಬರ್. ಇನ್ನೊಂದು ಕೈಯಲ್ಲಿ ಮೇನ್‌ಶೀಟ್, ಅಂದರೆ ಹಾಯಿಯನ್ನು ಎಳೆದು ಹಿಡಿಯುವ ಹಗ್ಗ, ಉಳಿದಿತ್ತು, ಹಾಗಾಗಿ ದೋಣಿ ನನ್ನನ್ನು ಬಿಟ್ಟು ಹೋಗಲಿಲ್ಲ. ಅಂದಿನಿಂದ ಕೀಲಿನ ಪಕ್ಕದಲ್ಲಿ 3 ಮಿಲಿಮೀಟರ್ ಡೈನೀಮಾ ಹಗ್ಗದಿಂದ ಕೋಲನ್ನು ಟಿಲ್ಲರಿಗೆ ಸಡಿಲವಾಗಿ ಕಟ್ಟಿರುತ್ತೇನೆ. ಕೀಲು ಹರಿದರೂ ದಡದವರೆಗೆ ಚುಕ್ಕಾಣಿ ನಡೆಯುತ್ತದೆ.

ಕಾರ್ಬನ್ ಬಳಸುವವರು:
ಹಗುರ, ಬಿಗಿ, ಕೈಗೆ ಹಿತ. ಆದರೆ ಜಾರಿ ಅದರ ಮೇಲೆ ಕೂರುವ ಅಭ್ಯಾಸವಿದ್ದರೆ ಯೋಚಿಸಿ ಸರ್! ಅಲ್ಯೂಮಿನಿಯಂ ಬಾಗಿ ಮುನ್ಸೂಚನೆ ಕೊಡುತ್ತದೆ, ಕಾರ್ಬನ್ ಒಮ್ಮೆಲೇ ಒಡೆಯುತ್ತದೆ, ಅಂಚಿನ ಸಿಬಿರು ಅಂಗೈಗೆ ಹೊಕ್ಕರೆ ತೆಗೆಯುವುದು ಕಷ್ಟ. ಒಡೆದದ್ದನ್ನು ಮುಟ್ಟುವ ಮೊದಲು ಟೇಪ್ ಸುತ್ತಿ. ಉಜ್ಜುವಾಗ ಮಾಸ್ಕ್ ಹಾಕಿ, ಉಪ್ಪು ಕಾಗದವನ್ನು ಒದ್ದೆ ಮಾಡಿಕೊಂಡು ಉಜ್ಜಿ. ಕಾರ್ಬನ್ ಕೊಳವೆಗೆ ಅಲ್ಯೂಮಿನಿಯಂ ರಿವೆಟ್ ಬೇಡ. ಉಪ್ಪುನೀರು ಸೇರಿದರೆ ರಿವೆಟ್ ಸವೆದುಹೋಗುತ್ತದೆ.

ಮತ್ತೊಬ್ಬರು:
ಬಿದಿರು! ಯಾರೂ ಹೇಳಲಿಲ್ಲವಲ್ಲ. ಬಲಿತ, ಒಣಗಿದ ಬಿದಿರಿನ ಟೊಳ್ಳಿಗೆ ಕೀಲು ಕೂರುವ ತುದಿಯಲ್ಲಿ ಮರದ ಬಿರಡೆ ಅಂಟಿಸಿ, ಹೊರಗೆ ದಾರ ಒತ್ತೊತ್ತಾಗಿ ಸುತ್ತಿ ವಾರ್ನಿಷ್ ಹಚ್ಚಿ. ಸುತ್ತದೆ ಬೋಲ್ಟ್ ಹಾಕಿದರೆ ಉದ್ದಕ್ಕೆ ಸೀಳುತ್ತದೆ. ನೀರಿಗೆ ಬಿದ್ದರೆ ತೇಲುತ್ತದೆ. ನೋಡಿದವರು ನಗುತ್ತಾರೆ, ಅಷ್ಟೇ.

ಮೊದಲು ಉತ್ತರಿಸಿದವರು:
ಹೊಸದೇ ಕೊಳ್ಳುವುದಾದರೆ ಉದ್ದ ನೋಡಿಕೊಳ್ಳಿ. ಈ ದೋಣಿಗೆ 1.1ರಿಂದ 1.2 ಮೀಟರ್ ಸಾಮಾನ್ಯ. ಉದ್ದ ಹೆಚ್ಚಾದರೆ ಟ್ಯಾಕ್ ಮಾಡುವಾಗ ಮೇನ್‌ಶೀಟಿಗೆ ತಗುಲಿ, ಕೋಲು ಆ ಕಡೆ, ನೀವು ಈ ಕಡೆ. ದಡದಲ್ಲೇ ದೋಣಿಯೊಳಗೆ ಕುಳಿತು, ಅಳತೆಗೆ ಕತ್ತರಿಸಿದ ಪೊರಕೆ ಕೋಲನ್ನು ಕಟ್ಟಿ ನಾಲ್ಕು ಸಲ ಬದಿ ಬದಲಿಸಿ ನೋಡಿ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಇವತ್ತು ಬಿಚ್ಚಿ ನೋಡಿದೆ. ಕೀಲಿನ ನಡುವೆ ಬಿರುಕುಗಳಿವೆ, ಹೊಸದನ್ನು ತರಿಸುತ್ತಿದ್ದೇನೆ. ಕೀಲನ್ನು ಹಿಡಿದಿರುವ ಸ್ಟೀಲ್ ರಿವೆಟ್‌ಗಳ ಸುತ್ತ ಕೊಳವೆ ಬಿಳಿ ಪುಡಿಯಾಗಿ ಉದುರುತ್ತಿದೆ, ಹಾಗಾಗಿ ಆ ತುದಿಯಿಂದಲೂ 3 ಸೆಂಟಿಮೀಟರ್ ಕತ್ತರಿಸಬೇಕಾಯಿತು. ಎಲ್ಲ ಕಳೆದು 1.13 ಮೀಟರ್ ಉಳಿಯುತ್ತದೆ, ಅಂಟಿಸುವುದೆಂದು ತೀರ್ಮಾನಿಸಿದೆ. ಗರಗಸ ಇಟ್ಟಾಗ ಕೊಳವೆಯೊಳಗಿಂದ ಅರ್ಧ ಲೋಟ ಕಂದು ನೀರು ಸುರಿಯಿತು. ಕೋಲು ಯಾಕೆ ಇಷ್ಟು ಭಾರ ಎಂದು ಒಂದು ವರ್ಷದಿಂದ ಯೋಚಿಸುತ್ತಿದ್ದೆ. ತುದಿಗೆ ಹಾಕಲು ಕಾರ್ಕ್ ಬಿರಡೆ ಹುಡುಕಿಟ್ಟಿದ್ದೇನೆ.