ಅಪ್‌ಡೇಟ್: ನೆಲಮಾಳಿಗೆಯ ಸೌದೆ ಒಲೆ, ಮರದ ಗೋಡೆ
ಮಿನ್ನೆಸೋಟದ ನಮ್ಮ ಮನೆಯ ನೆಲಮಾಳಿಗೆಯಲ್ಲಿ ಹಳೆಯ ಸೌದೆ ಒಲೆ ಮರದ ಗೋಡೆಯಿಂದ 20 ಇಂಚು ದೂರದಲ್ಲಿದೆ, ಸಾಕೇ ಎಂದು ಇಲ್ಲಿ ಕೇಳಿದ್ದೆ. ಸಾಲದು. ಒಲೆಗೆ ಪ್ರಮಾಣಪತ್ರದ ಫಲಕವೇ ಇಲ್ಲ. ಅಂಥದ್ದಕ್ಕೆ ಎನ್‌ಎಫ್‌ಪಿಎ 211ರ (ಚಿಮಣಿ, ಸೌದೆ ಒಲೆಗಳಿಗೆ ಅಮೆರಿಕದ ಅಗ್ನಿ ಸುರಕ್ಷತಾ ಮಾನದಂಡ) ಪ್ರಕಾರ 36 ಇಂಚು ಬೇಕು. ಹಿಂದಿನ ಹಲಗೆ ಅಂಗೈಯಗಲ ಕಪ್ಪಿಟ್ಟಿದ್ದನ್ನು ಕಂಡು ಎದೆ ಝಲ್ಲೆಂದಿತು. ಅದರ ನೇರ ಮೇಲಿನ ಕೋಣೆಯಲ್ಲೇ ಮಕ್ಕಳು ಮಲಗುತ್ತಾರೆ.

ನೀವು ಹೇಳಿದಂತೆ 24 ಗೇಜಿನ ತಗಡನ್ನು ಗೋಡೆಯಿಂದ 1 ಇಂಚು ಬಿಟ್ಟು ನಿಲ್ಲಿಸಿದೆವು. ಕೆಳಗೂ ಮೇಲೂ ತೆರೆದಿರುವುದರಿಂದ ಹಿಂದೆ ಗಾಳಿ ಏರುತ್ತಲೇ ಇರುತ್ತದೆ. ಹೀಗಿದ್ದರೆ ಒಲೆಗೂ ಮರದ ಗೋಡೆಗೂ ನಡುವೆ 12 ಇಂಚು ಸಾಕು. ಒಂಟಿ ಪದರದ ಹೊಗೆ ಕೊಳವೆಯೂ ತೊಲೆಗೆ 11 ಇಂಚಿನಲ್ಲಿತ್ತು, 18 ಬೇಕಿತ್ತು. ಅದನ್ನು ತೆಗೆಸಿ ಜೋಡಿ ಪದರದ್ದನ್ನು ಹಾಕಿಸಿದೆ.

ನಿನ್ನೆ ಎರಡು ಗಂಟೆ ಉರಿಸಿ, ತಗಡಿನ ಹಿಂದೆ ಬೆರಳು ತೂರಿಸಿ ನೋಡಿದೆ. ಹಲಗೆ ಉಗುರುಬೆಚ್ಚಗಿತ್ತು, ಅಷ್ಟೇ. ನಿಮಗೆಲ್ಲ ಋಣಿ.