ಕೆಮಿಕಲ್ ಇಲ್ಲದ ಬೆಲ್ಲ ಕೇಳ್ತಾರೆ, ಹಳದಿ ಅಚ್ಚು ತಗೊಂಡು ಹೋಗ್ತಾರೆ. ಗಿರಾಕಿಗೆ ಬೇಕಾದ್ದೇನು?

ದಿನಸಿ ಅಂಗಡಿ, ಕುವೆಂಪುನಗರ

ಮೈಸೂರಲ್ಲಿ ನಮ್ಮದೊಂದು ಸಣ್ಣ ಅಂಗಡಿ. ಪಾಂಡವಪುರದ ಕಡೆಯ ಆಲೆಮನೆಯಿಂದ ಬೆಲ್ಲ ತರಿಸುತ್ತೇನೆ. ಒಂದು ಬುಟ್ಟಿಯಲ್ಲಿ ಹೈಡ್ರೋಸ್, ಅಂದರೆ ಬಣ್ಣ ತಿಳಿಯಾಗಲಿ ಅಂತ ಬಳಸುವ ಕೆಮಿಕಲ್, ಹಾಕದ ಕಂದು ಬೆಲ್ಲ, ಪಕ್ಕದಲ್ಲೇ ಅದನ್ನು ಹಾಕಿದ ಹಳದಿ ಅಚ್ಚು. ಬಂದವರು "ಕೆಮಿಕಲ್ ಇಲ್ಲದ್ದು ಇದೆಯೇನಣ್ಣ?" ಅಂತ ಕೇಳುತ್ತಾರೆ. ತೋರಿಸುತ್ತೇನೆ. ಮೂಸಿ ನೋಡಿ, ಚೂರು ಬಾಯಿಗೆ ಹಾಕಿಕೊಂಡು "ಇದೇ ಒಳ್ಳೇದು ಬಿಡಿ" ಅನ್ನುತ್ತಾರೆ. ಆಮೇಲೆ ಹಳದಿ ಅಚ್ಚನ್ನೇ ಒಂದು ಕೆಜಿ ತೂಗಿಸಿಕೊಂಡು ಹೋಗುತ್ತಾರೆ! ರೇಟು ಜಾಸ್ತಿಯಾಯ್ತಾ ಅಂದರೆ "ಛೇ, ಅದೇನಿಲ್ಲ". ಹಬ್ಬ ಹತ್ತಿರ ಬಂತು. ಯಾವುದನ್ನು ಎಷ್ಟು ತರಿಸಲಿ? ಒಂದು ಹಾಳೆಯಲ್ಲಿ ಪ್ರಶ್ನೆ ಬರೆದು ಎಲ್ಲರಿಗೂ ಕೊಡೋಣ ಅಂತ ಮಗಳು ಹೇಳುತ್ತಿದ್ದಾಳೆ.

ಆಲೆಮನೆಯವನು, ಮಂಡ್ಯ

ಹಾಳೆ ಗೀಳೆ ಬೇಡ ಅಣ್ಣ. "ಇದು ಇಷ್ಟವಾ" ಅಂದರೆ ಎಲ್ಲರೂ ಹೌದು ಅಂತಾರೆ. ಎದುರಿಗೆ ನಿಂತು ಬೇಡ ಅನ್ನೋಕೆ ನಮ್ಮ ಜನಕ್ಕೆ ಮುಜುಗರ. ಬೆಲ್ಲದ ಸುದ್ದಿಯನ್ನೇ ಎತ್ತಬೇಡಿ. "ಏನಮ್ಮ, ಮನೇಲಿ ಏನು ವಿಶೇಷ?" ಅನ್ನಿ. "ಹೋದ ಸಲದ್ದು ಯಾವುದಕ್ಕೆ ಹಾಕಿದ್ರಿ?" ಅನ್ನಿ. ಮುಂದೆ ಏನು ತಗೋತೀನಿ ಅನ್ನೋದು ಬರೀ ಬಾಯಿಮಾತು. ಮಾಡಿದ ಅಡುಗೆಯನ್ನು ಕೇಳಿದರೆ ಮಾತ್ರ ನಿಜ ಹೊರಗೆ ಬರುತ್ತೆ.

ಸರಸ್ವತಿಪುರಂ ಗೃಹಿಣಿ

ನೀವು ಹೇಳುತ್ತಿರುವ ಗಿರಾಕಿ ನಾನೇ! ದಿನದ ಕಾಫಿಗೆ, ರಾಗಿ ಗಂಜಿಗೆ ಕಂದು ಬೆಲ್ಲವೇ ಸೈ. ನೆಂಟರು ಬಂದಾಗ ಮಾತ್ರ ಹಳದಿ. ಒಂದು ಸಲ ಕಂದು ಬೆಲ್ಲದಲ್ಲಿ ಹೋಳಿಗೆ ಮಾಡಿದ್ದೆ. ಹೂರಣ ನೋಡಿ ನಮ್ಮತ್ತೆ "ಸೀದೋಯ್ತೇನಮ್ಮ?" ಅಂದರು, ಅದೂ ಅವರ ತಂಗಿ ಎದುರಿಗೆ. ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಇದನ್ನೆಲ್ಲ ಹೇಳೋಕಾಗುತ್ತಾ? "ಚೆನ್ನಾಗಿದೆ" ಅಂದು ಹಳದಿ ತಗೊಂಡು ಬರುತ್ತೇನೆ. ಪಾಯಸಕ್ಕೆ ಹಾಕಿದರೆ ಹಾಲು ಒಡೆಯುತ್ತೆ ಅನ್ನೋ ಹೆದರಿಕೆ ಬೇರೆ.

ಆಲೆಮನೆಯವನು, ಮಂಡ್ಯ

ಹಾಲು ಒಡೆಯೋದಕ್ಕೆ ಬಣ್ಣ ಕಾರಣ ಅಲ್ಲ ಅಕ್ಕ. ಬೆಲ್ಲದಲ್ಲಿ ಸ್ವಲ್ಪ ಹುಳಿ ಇರುತ್ತೆ, ಕುದಿಯೋ ಹಾಲಿಗೆ ಬಿದ್ದರೆ ಒಡೆಯುತ್ತೆ. ಒಲೆ ಆರಿಸಿ, ಬಿಸಿ ಇಳಿದ ಮೇಲೆ ಹಾಕಿ.

ದಿನಸಿ ಅಂಗಡಿ, ಕುವೆಂಪುನಗರ

ಇವತ್ತು ಸಂಜೆ ಹಾಗೇ ಮಾತಾಡಿಸಿ ನೋಡಿದೆ. ಕಂದು ಬೆಲ್ಲ ಮುಟ್ಟಿ ಮುಟ್ಟಿ ಇಡುತ್ತಿದ್ದ ಒಬ್ಬರನ್ನು "ಏನಮ್ಮ, ಮನೇಲಿ ವಿಶೇಷವಾ?" ಅಂದೆ. ಮೊಮ್ಮಗನ ನಾಮಕರಣವಂತೆ. ಯಾರ್ಯಾರು ಬರುತ್ತಾರೆ, ಬೀಗರು ಎಂಥವರು, ಎಲ್ಲ ಹೇಳಿದರು. ಹಿಂದೆ ನಿಂತಿದ್ದವರು ಗೊಣಗಿದರೂ ನಾನು ತಡೆಯಲಿಲ್ಲ. ಕೊನೆಗೆ ನಾಮಕರಣಕ್ಕೆ ಹಳದಿ, ಮನೆಗೆ ಅಂತ ಅರ್ಧ ಕೆಜಿ ಕಂದು. ಹಾಗಾದರೆ ಹಬ್ಬಕ್ಕೆ ಹಳದಿಯನ್ನೇ ಜಾಸ್ತಿ ತರಿಸಲಾ?

ಆಲೆಮನೆಯವನು, ಮಂಡ್ಯ

ತಡೀರಿ ಅಣ್ಣ, ಅವಸರ ಬೇಡ. ಅಕ್ಕ ಹೇಳಿದ್ದು ತಿಳಿ ಬಣ್ಣ. ಹೈಡ್ರೋಸ್ ಬೇಕು ಅಂತ ಯಾರೂ ಹೇಳಲಿಲ್ಲ, ಅಲ್ವಾ? ಮಂಡಿಯಲ್ಲಿ ಬಣ್ಣಕ್ಕೆ ಬೆಲೆ, ಅದಕ್ಕೇ ನಮ್ಮವರು ಹಾಕೋದು. ಆ ಹಳದಿಯೂ ಇಟ್ಟಷ್ಟು ದಿನಕ್ಕೆ ಮಬ್ಬಾಗುತ್ತೆ. ಕೊಪ್ಪರಿಗೆ ಕಾಯುವಾಗ ಬೆಂಡೆ ಗಿಡದ ಲೋಳೆ ಹಾಕಿ, ಮೇಲೆ ಬರೋ ಮಡ್ಡಿಯನ್ನು ಬಿಡದೆ ತೆಗೆದರೆ ಬೆಲ್ಲ ಸಾಕಷ್ಟು ತಿಳಿಯಾಗುತ್ತೆ. ಹಳದಿಯಷ್ಟು ಬರಲ್ಲ, ನಿಜ. ನಿಮ್ಮ ಪಾಂಡವಪುರದವರಿಗೆ ಹೇಳಿ ಒಂದು ಪಾಕ ಹಾಗೆ ಮಾಡಿಸಿ. ಅದರಲ್ಲಿ ಒಂದು ಅಚ್ಚು ಅಕ್ಕನಿಗೆ ಕೊಡಿ, ಹೂರಣ ಮಾಡಿ ಅತ್ತೆಗೆ ತೋರಿಸಲಿ.

ಸರಸ್ವತಿಪುರಂ ಗೃಹಿಣಿ

ಅತ್ತೆಗೆ ತೋರಿಸುತ್ತೇನೆ. ಅವರ ತಂಗಿ ಇಲ್ಲದಾಗ.